ಹಿತ್ತಲ ಲೆಕ್ಕ ರೂಪಾಯಿಯದಷ್ಟೇ ಅಲ್ಲ

ಕೋಲಸಿರ್ಸಿ ಕಡೆಯ ಅಡಿಕೆಯವರು ನಾವು. ತರಕಾರಿ ಮಾತ್ರ ಸಿದ್ದಾಪುರ ಪೇಟೆಯದು. ಕಳೆದ ಮಳೆಗಾಲ ಮೊದಲ ಸಲ ಮನೆಮಂದಿಯೆಲ್ಲ ಸೇರಿ 2 ಗುಂಟೆ ಹಿತ್ತಲು ಮಾಡಿದೆವು. ಬೆಂಡೆ ಅರ್ಧ ಮಂಗನ ಪಾಲು. ಹರಿವೆ ಕೊಳೆತುಹೋಯ್ತು, ಮಡಿ ಎತ್ತರ ಮಾಡದ್ದು ನಮ್ಮದೇ ತಪ್ಪು. ‘ಕೊಂಡದ್ದೇ ಅಗ್ಗ ಆಗ್ತಿತ್ತಲ್ಲ’ ಎಂದು ನಕ್ಕವರಿದ್ದಾರೆ. ಕೂಲಿ ಹಿಡಿದರೆ ಮಾತು ನಿಜವೇ.

ಆದರೆ ನಾವು ಕಳಕೊಂಡದ್ದು ಕಾಯಿಯಲ್ಲ, ಬೀಜ. ಆಯಿ ಬೂದಿ ಹಚ್ಚಿ ಇಡುತ್ತಿದ್ದ ಮೊಗೆಬೀಜ ನಮ್ಮಲ್ಲಿ ಉಳಿದಿರಲಿಲ್ಲ. ಪಕ್ಕದ ಮನೆಯ ಅತ್ತಿಗೆ ಕೊಟ್ಟರು. ಹೈಬ್ರಿಡ್ ಬೆಂಡೆಯ ಬೀಜ ಮರುವರ್ಷ ತಾಯಿಯಂತೆ ಬರೋದಿಲ್ಲ, ಊರ ತಳಿ ಬರುತ್ತದೆ. ಶಿರಸಿಯಲ್ಲಿ 2001ರಲ್ಲಿ ಶುರುವಾದ ‘ವನಸ್ತ್ರೀ’ಯ ಹೆಂಗಸರು ಹಿತ್ತಲ ಬೀಜ ಉಳಿಸಲು ಹೊರಟದ್ದು ಸುಮ್ಮನೆ ಅಲ್ಲ.

ಚೆಂದದ ಒಂದು ಮೊಗೆಕಾಯಿ ಬೀಜಕ್ಕೇ ಬಿಟ್ಟೆವು. ನೀವೂ ಒಂದು ಬಿಡಿ; ಪಕ್ಕದ ಮನೆಗೂ ನಾಲ್ಕು ಬೀಜ ಕೊಡಿ.