ಯಾವ ಬಾಗಿಲು ತಟ್ಟಿದರೂ ದೂರು ತೆಗೆದುಕೊಳ್ಳಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಬಂಧುಗಳೇ,

2023ರ ಆಗಸ್ಟ್ ಮೊದಲ ವಾರ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಡೆದದ್ದನ್ನು ನಾವು ಯಾರೂ ಮರೆತಿಲ್ಲ. ಮನೆ ಮುಂದಿನ ನಲ್ಲಿಯ ನೀರು ಕುಡಿದವರಿಗೆ ವಾಂತಿ ಭೇದಿ ಶುರುವಾಯಿತು. ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಹಲವರು ಮನೆಗೆ ವಾಪಸಾಗಲಿಲ್ಲ. ಸತ್ತವರು ಬಡವರು, ದುಡಿದು ತಿನ್ನುವವರು. ಅವರು ಕಲಬೆರಕೆ ಪದಾರ್ಥ ಕೊಂಡು ತಂದಿರಲಿಲ್ಲ, ಹಳಸಿದ್ದು ತಿಂದಿರಲಿಲ್ಲ. ಸರ್ಕಾರ ಕೊಟ್ಟ ನೀರು ಕುಡಿದಿದ್ದರು.

ಇಂಥ ಸಾವಿಗೆ ಯಾವ ಇಲಾಖೆ ಹೊಣೆ? ಈ ಪ್ರಶ್ನೆ ಕೇಳಿಕೊಂಡು ಕಚೇರಿಯಿಂದ ಕಚೇರಿಗೆ ಅಲೆದವರಿಗೆ ಗೊತ್ತು: ಉತ್ತರ ಸಿಗುವ ಮುಂಚೆ ಮನುಷ್ಯ ಸುಸ್ತಾಗಿ ಮನೆಗೆ ಹೋಗಿರುತ್ತಾನೆ. ನಮ್ಮ ತಟ್ಟೆ, ನಮ್ಮ ಲೋಟದ ಮೇಲೆ ಎಷ್ಟು ಇಲಾಖೆಗಳ ಅಧಿಕಾರವಿದೆ, ಯಾರ ಗಡಿ ಎಲ್ಲಿ ಮುಗಿಯುತ್ತದೆ ಎನ್ನುವುದನ್ನು ಮೊದಲು ತಿಳಿದುಕೊಳ್ಳೋಣ.

ದೇಶಕ್ಕೆಲ್ಲ ಒಂದೇ ಕಾನೂನಿದೆ. ಹೆಸರು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006. ಜಾರಿಗೆ ಬಂದದ್ದು 2011ರ ಆಗಸ್ಟ್ 5ರಂದು. ಅದಕ್ಕೆ ಮುಂಚೆ ಕಲಬೆರಕೆಗೆ 1954ರ ಕಾಯ್ದೆ, ಹಣ್ಣಿನ ಉತ್ಪನ್ನಕ್ಕೆ 1955ರ ಆದೇಶ, ಮಾಂಸದ ಪದಾರ್ಥಕ್ಕೆ 1973ರ ಆದೇಶ, ಹಾಲಿಗೆ 1992ರ ಆದೇಶ, ಎಣ್ಣೆಗೆ ಮತ್ತೆ ಬೇರೆ, ಹೀಗೆ ಒಂದೊಂದಕ್ಕೆ ಒಂದೊಂದು ಇದ್ದವು. ಅವನ್ನೆಲ್ಲ ಒಟ್ಟು ಮಾಡಿದ್ದು ದೊಡ್ಡ ಕೆಲಸವೇ. ದೆಹಲಿಯಲ್ಲಿರುವ ಪ್ರಾಧಿಕಾರ, ಅಂದರೆ ಬಿಸ್ಕತ್ತಿನ ಪೊಟ್ಟಣದ ಮೇಲೆ ನಾವು ನೋಡುವ ಎಫ್‌ಎಸ್‌ಎಸ್‌ಎಐ, ಗುಣಮಟ್ಟ ಗೊತ್ತುಮಾಡುತ್ತದೆ. ಜಾರಿ ಮಾಡುವುದು ಬಹುಪಾಲು ರಾಜ್ಯದ ಕೆಲಸ. ರಾಜ್ಯಕ್ಕೊಬ್ಬ ಆಯುಕ್ತರು, ಜಿಲ್ಲೆಗೊಬ್ಬ ಅಂಕಿತಾಧಿಕಾರಿ, ಅವರ ಕೈಕೆಳಗೆ ಆಹಾರ ಸುರಕ್ಷತಾ ಅಧಿಕಾರಿಗಳು.

ಇಷ್ಟೇ ಆಗಿದ್ದರೆ ಈ ಕರಪತ್ರ ಬೇಕಿರಲಿಲ್ಲ.

ನೀರಿನ ವಿಷಯವನ್ನೇ ನೋಡಿ. ಬಾಟಲಿಗೆ ತುಂಬಿ ಮಾರುವ ನೀರು ಈ ಕಾಯ್ದೆಯ ಪ್ರಕಾರ ಆಹಾರ. ಹೋಟೆಲಿನವರು ಸಾಂಬಾರಿಗೆ ಹಾಕುವ ನೀರೂ ಆಹಾರವೇ. ಆದರೆ ವಾಣಿ ವಿಲಾಸ ಸಾಗರದಿಂದಲೋ ಶಾಂತಿಸಾಗರದಿಂದಲೋ ಕೊಳವೆಯಲ್ಲಿ ಬಂದು, ಟ್ಯಾಂಕ್ ತುಂಬಿ, ನಮ್ಮ ನಲ್ಲಿಗೆ ಇಳಿಯುವ ನೀರು ಈ ಕಾಯ್ದೆಯೊಳಗೆ ಬರುವುದಿಲ್ಲ. ಅದು ನಗರಸಭೆಯ ಹೊಣೆ. ಹಳ್ಳಿಗೆ ಹೋದರೆ ಗ್ರಾಮ ಪಂಚಾಯಿತಿಯ ಹೊಣೆ. ನಮ್ಮ ಜಿಲ್ಲೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ಮಾನದಂಡ ಹೇಳುತ್ತದೆ, ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿನ ಕಲೆ ನೋಡಿದರೆ ಸಾಕು, ವರದಿ ಓದಬೇಕಿಲ್ಲ. ಅದಕ್ಕೆಂದೇ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ಘಟಕ ಕೆಟ್ಟು ನಿಂತರೆ ಆಹಾರ ಸುರಕ್ಷತಾ ಅಧಿಕಾರಿಗೆ ಸಂಬಂಧವಿಲ್ಲ.

ಇದು ಬರೀ ಕಾಗದದ ಮೇಲಿನ ವ್ಯತ್ಯಾಸವಲ್ಲ. ಈ ಕಾಯ್ದೆಯ 65ನೇ ಕಲಂ ಪ್ರಕಾರ ಅಸುರಕ್ಷಿತ ಆಹಾರ ತಿಂದು ಯಾರಾದರೂ ಸತ್ತರೆ ತಯಾರಿಸಿದವನೋ ಮಾರಿದವನೋ ಕನಿಷ್ಠ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕು. ಆರು ತಿಂಗಳೊಳಗೆ ಕೊಡಬೇಕು, 30 ದಿನದೊಳಗೆ ಮಧ್ಯಂತರ ಪರಿಹಾರ ಕೈಗೆ ಸಿಗಬೇಕು. ಹೋಟೆಲಿನ ಊಟದಿಂದ ಜೀವ ಹೋದರೆ ಮನೆಯವರಿಗೆ ಈ ಹಕ್ಕಿದೆ. ನಲ್ಲಿ ನೀರಿನಿಂದ ಜೀವ ಹೋದರೆ ಈ ಕಲಂ ಇಲ್ಲ. ಸರ್ಕಾರ ಮನಸ್ಸು ಮಾಡಿ ಘೋಷಿಸಿದ್ದೇ ಪರಿಹಾರ. ಸಾವಿನಲ್ಲಿ ಇಂಥ ಭೇದ ಇರಬಾರದು ಎಂದು ನಾವು ಗಟ್ಟಿಯಾಗಿ ಹೇಳುತ್ತೇವೆ.

ಇನ್ನು ಹೊಲದ ಕಡೆ ಬನ್ನಿ. ಹಿರಿಯೂರು, ಹೊಸದುರ್ಗದ ದಾಳಿಂಬೆಗೆ, ನಮ್ಮ ಈರುಳ್ಳಿಗೆ ಎಷ್ಟು ಔಷಧಿ ಹೊಡೆಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಆಹಾರ ಕಾಯ್ದೆ ರೈತನಿಗೆ, ಅವನ ಬೆಳೆಗೆ ಅನ್ವಯಿಸುವುದಿಲ್ಲ. ಅದು ಸರಿಯೇ. ಹೊಲದ ಬದುವಿನ ಮೇಲೆ ಇನ್ನೊಬ್ಬ ಇನ್‌ಸ್ಪೆಕ್ಟರ್ ಬಂದು ನಿಲ್ಲುವುದು ನಮಗೂ ಬೇಡ. ಔಷಧಿಯ ಅಂಗಡಿ 1968ರ ಕೀಟನಾಶಕ ಕಾಯ್ದೆಯಡಿ ಕೃಷಿ ಇಲಾಖೆಯ ಕೈಯಲ್ಲಿದೆ. ಹಣ್ಣಿನಲ್ಲಿ ಔಷಧಿಯ ಅಂಶ ಎಷ್ಟು ಉಳಿಯಬಹುದೆಂದು ಹೇಳುವುದು ಮಾತ್ರ ಆಹಾರ ಪ್ರಾಧಿಕಾರ. ಶೇಂಗಾ ಕಥೆಯೂ ಹೀಗೆಯೇ. ಹಸಿ ಇರುವಾಗಲೇ ಚೀಲಕ್ಕೆ ತುಂಬಿದ ಕಾಯಿಗೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ, ಯಕೃತ್ತಿಗೆ ಕೇಡು. ಒಣಗಿಸುವುದನ್ನು ಕಲಿಸಬೇಕಾದದ್ದು ಒಂದು ಇಲಾಖೆ, ಎಣ್ಣೆ ಮಿಲ್ಲಿನಲ್ಲಿ ಪರೀಕ್ಷೆ ಮಾಡಬೇಕಾದದ್ದು ಇನ್ನೊಂದು. ಮಿಲ್ಲಿನಲ್ಲಿ ಮಾದರಿ ಕೆಟ್ಟದ್ದೆಂದು ಬಂದರೆ ಆ ಸುದ್ದಿ ಕಾಯಿ ಬಂದ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಮುಟ್ಟಬೇಕು. ಮುಟ್ಟಿದರೆ ಮುಂದಿನ ಸುಗ್ಗಿಯಾದರೂ ಉಳಿಯುತ್ತದೆ.

ಶಾಲೆಯ ಬಿಸಿಯೂಟದ ತಟ್ಟೆ ನೋಡಿ. ಅಕ್ಕಿ ಆಹಾರ ಇಲಾಖೆಯ ಗೋದಾಮಿನದು, ನೀರು ಪಂಚಾಯಿತಿಯದು, ಹಾಲಿನ ಪುಡಿ ಹಾಲು ಮಹಾಮಂಡಳದ್ದು, ಉಸ್ತುವಾರಿ ಶಿಕ್ಷಣ ಇಲಾಖೆಯದು, ಮಕ್ಕಳಿಗೆ ಹೊಟ್ಟೆನೋವು ಬಂದರೆ ಓಡಿ ಬರಬೇಕಾದದ್ದು ಆರೋಗ್ಯ ಇಲಾಖೆ. 2013ರ ಜುಲೈನಲ್ಲಿ ಬಿಹಾರದ ಛಾಪ್ರಾ ಬಳಿ ಕೀಟನಾಶಕ ಬೆರೆತ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಮಕ್ಕಳಿಗೆ ಬಡಿಸುವ ಮುಂಚೆ ಶಿಕ್ಷಕರು ರುಚಿ ನೋಡಬೇಕು ಎಂಬ ನಿಯಮವನ್ನು ನಾವು ಅಸಡ್ಡೆ ಮಾಡಬಾರದು. ನಮ್ಮದೇ ರಾಜ್ಯದ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ 2018ರ ಡಿಸೆಂಬರ್ 14ರಂದು ಮಾರಮ್ಮನ ಪ್ರಸಾದಕ್ಕೆ ವಿಷ ಹಾಕಿ ಜನರನ್ನು ಕೊಂದರು. ಅದು ಬೇಕೆಂದೇ ಮಾಡಿದ ಕೊಲೆ. ಆದರೂ ದೇವಸ್ಥಾನದ ಅಡುಗೆ ಮನೆಗೆ ಯಾರು ಕಾವಲು ಎಂಬ ಪ್ರಶ್ನೆ ಅಂದು ಎದ್ದಿತು, ಮುಜರಾಯಿ ಇಲಾಖೆಯೂ ಉತ್ತರ ಹೇಳಬೇಕಾಯಿತು.

ಹಾಗಾದರೆ ಎಲ್ಲವನ್ನೂ ಒಂದೇ ಇಲಾಖೆಗೆ ಕೊಟ್ಟುಬಿಡಿ ಎಂದು ಕೆಲವರು ಹೇಳುತ್ತಾರೆ. ನಾವು ಒಪ್ಪುವುದಿಲ್ಲ. ಕಡಿಯುವ ಮುಂಚೆ ಕುರಿಯನ್ನು ಪಶುವೈದ್ಯರೇ ನೋಡಬೇಕು, ಒಡೆದ ಪೈಪನ್ನು ಎಂಜಿನಿಯರೇ ನೋಡಬೇಕು. ಅಮೆರಿಕದಂಥ ದೇಶದಲ್ಲೂ ಮಾಂಸ, ಕೋಳಿ ಕೃಷಿ ಇಲಾಖೆಗೆ, ಉಳಿದ ಬಹುಪಾಲು ಆಹಾರ ಬೇರೊಂದು ಸಂಸ್ಥೆಗೆ ಹಂಚಿಹೋಗಿದೆ. ಹಂಚಿಕೆ ತಪ್ಪಲ್ಲ. ಹಂಚಿಕೊಂಡವರು ಒಬ್ಬರಿಗೊಬ್ಬರು ಮಾತಾಡದಿರುವುದು ತಪ್ಪು, ಅದರ ಭಾರವನ್ನು ದೂರು ತಂದವನ ತಲೆಗೆ ಕಟ್ಟುವುದು ಅದಕ್ಕಿಂತ ದೊಡ್ಡ ತಪ್ಪು.

ಅಧಿಕಾರಿಗಳ ಕಷ್ಟವನ್ನೂ ಹೇಳಬೇಕು. ಒಂದು ಮಾದರಿ ತೆಗೆಯುವುದು ಅಂಗಡಿಗೆ ನುಗ್ಗಿ ಪೊಟ್ಟಣ ಎತ್ತಿಕೊಂಡು ಬಂದಷ್ಟು ಸುಲಭವಲ್ಲ. ಅಧಿಕಾರಿ ದುಡ್ಡು ಕೊಟ್ಟು ಕೊಳ್ಳಬೇಕು. ಅಂಗಡಿಯವನಿಗೆ ನೋಟಿಸು ಕೊಡಬೇಕು. ಪದಾರ್ಥವನ್ನು ನಾಲ್ಕು ಭಾಗ ಮಾಡಿ ಒಣಗಿದ ಶುದ್ಧ ಡಬ್ಬಿಗೆ ಹಾಕಬೇಕು, ಹಾಲಾದರೆ ಕೆಡದಂತೆ ಔಷಧಿ ಬೆರೆಸಬೇಕು. ದಪ್ಪ ಕಾಗದ ಸುತ್ತಿ, ದಾರ ಬಿಗಿದು, ಅರಗಿನ ಮುದ್ರೆ ಒತ್ತಬೇಕು. ಅಂಗಡಿಯವನ ಸಹಿ ಬೇಕು. ಒಂದು ಭಾಗ ಆಹಾರ ವಿಶ್ಲೇಷಕರಿಗೆ, ಎರಡು ಅಂಕಿತಾಧಿಕಾರಿಗೆ, ನಾಲ್ಕನೆಯದು ಅಂಗಡಿಯವನು ಕೇಳಿದರೆ ಮಾನ್ಯತೆ ಪಡೆದ ಬೇರೆ ಪ್ರಯೋಗಾಲಯಕ್ಕೆ. ಒಂದು ಮುದ್ರೆ ಸರಿಯಿಲ್ಲದಿದ್ದರೂ ಕೇಸು ಬಿದ್ದುಹೋಗಬಹುದು. ವಿಶ್ಲೇಷಕರು 14 ದಿನದೊಳಗೆ ವರದಿ ಕೊಡಬೇಕೆಂದು ಕಾನೂನು ಹೇಳುತ್ತದೆ. ರಾಜ್ಯದ ಆಹಾರ ಪ್ರಯೋಗಾಲಯಗಳಿರುವುದು ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿಯಲ್ಲಿ. ನಮ್ಮ ಮಾದರಿ ಜಿಲ್ಲೆ ದಾಟಿಯೇ ಹೋಗಬೇಕು. ಇಷ್ಟೆಲ್ಲ ಮಾಡುವ ಅಧಿಕಾರಿಗೆ ಹೆದ್ದಾರಿಯ ಢಾಬಾ, ಸಂತೆ, ಬೇಕರಿ, ಹಾಸ್ಟೆಲ್ ಎಲ್ಲವೂ ಸೇರಿದೆ. ಜನ ಸಾಲದು, ಗಾಡಿ ಸಾಲದು.

2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಬಂದಿದ್ದವು. ಬಾಂಬೆ ಮಿಠಾಯಿಯಲ್ಲಿ ರೋಡಮೈನ್-ಬಿ, ಅಂದರೆ ಬಟ್ಟೆಗೆ ಹಾಕುವ ಬಣ್ಣ. ಒಳ್ಳೆಯ ಆದೇಶ. ಆದರೆ ದಂಡ ಕಟ್ಟಿದ್ದು ಹೆಚ್ಚಾಗಿ ತಳ್ಳುಗಾಡಿಯವರು. ಆ ಬಣ್ಣದ ಪುಡಿಯನ್ನು ಹೆಸರಿಲ್ಲದ ಸಣ್ಣ ಪೊಟ್ಟಣದಲ್ಲಿ ಅವರಿಗೆ ಮಾರಿದ ಅಂಗಡಿ ಯಾವುದು, ಅಲ್ಲಿಗೆ ತಂದುಕೊಟ್ಟವನು ಯಾರು ಎಂದು ಬೆನ್ನು ಹತ್ತಬೇಕಾದರೆ ನಗರಸಭೆ, ಆಹಾರ ಸುರಕ್ಷತೆ, ವಾಣಿಜ್ಯ ತೆರಿಗೆ ಮೂರೂ ಒಟ್ಟಿಗೆ ಕೂರಬೇಕು.

ಒಟ್ಟಿಗೆ ಕೂರಲು ಜಾಗವೂ ಇದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಆಹಾರ ಸುರಕ್ಷತೆಯ ಜಿಲ್ಲಾ ಸಲಹಾ ಸಮಿತಿ ಇದೆ. ಅದರ ಸಭೆಯಲ್ಲಿ ಏನು ತೀರ್ಮಾನವಾಯಿತು ಎಂಬುದು ಹೊಳಲ್ಕೆರೆಯ ಗೃಹಿಣಿಗೆ, ಹೊಸದುರ್ಗದ ಸಂತೆಯ ವ್ಯಾಪಾರಿಗೆ ತಿಳಿಯಬೇಕು. ನಡಾವಳಿಯನ್ನು ನಾಲ್ಕೂ ಊರಿನ ತಾಲ್ಲೂಕು ಕಚೇರಿಯ ಗೋಡೆಗೆ ಹಚ್ಚಲಿ. ವಾಂತಿ ಭೇದಿಯ ಪ್ರಕರಣ ಆಸ್ಪತ್ರೆಗೆ ಬಂದ ದಿನವೇ ಆಹಾರ, ನೀರು ಎರಡರ ಅಧಿಕಾರಿಗಳಿಗೂ ಸುದ್ದಿ ಹೋಗಲಿ. ಯಾವುದರಿಂದ ಬಂತು ಎಂದು ಆಮೇಲೆ ತಿಳಿಯುತ್ತದೆ, ಮಾದರಿ ಅಂದೇ ತೆಗೆಯಬೇಕು. ಮಾರನೇ ದಿನ ಪಾತ್ರೆ ತೊಳೆದಿರುತ್ತಾರೆ, ಟ್ಯಾಂಕ್ ಖಾಲಿಯಾಗಿರುತ್ತದೆ.

ನಮ್ಮ ಮುಖ್ಯ ಬೇಡಿಕೆ ಒಂದೇ. ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ತಪ್ಪು ಕಚೇರಿಗೆ ಹೋದರೆ ಐದು ದಿನದೊಳಗೆ ಸರಿಯಾದ ಕಚೇರಿಗೆ ಅವರೇ ಕಳಿಸಬೇಕು. ಕಾಗದದ ಅರ್ಜಿಗೆ ಇರುವ ಈ ಮರ್ಯಾದೆ ಊಟ, ನೀರಿನ ದೂರಿಗೂ ಬೇಕು. ಊಟದ ವಿಷಯಕ್ಕೆ ಐದು ದಿನ ಬಹಳವಾಯಿತು, ಒಂದು ದಿನ ಸಾಕು. ಇದಕ್ಕೆ ವಿಧಾನಸೌಧ ಏಳಬೇಕಿಲ್ಲ, ಜಿಲ್ಲಾಡಳಿತದ ಒಂದು ಸುತ್ತೋಲೆ ಸಾಕು.

ಅಲ್ಲಿಯವರೆಗೆ ನಾವೂ ಸುಮ್ಮನಿರುವುದು ಬೇಡ. ಪೊಟ್ಟಣದ ಮೇಲೆ 14 ಅಂಕಿಯ ಪರವಾನಗಿ ಸಂಖ್ಯೆ, ತಯಾರಾದ ತಾರೀಖು ನೋಡಿ ಕೊಳ್ಳಿ, ಬಿಲ್ಲು ಇಟ್ಟುಕೊಳ್ಳಿ. ಕೊಂಡ ಪದಾರ್ಥವನ್ನು ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕನ್ನು 40ನೇ ಕಲಂ ಕೊಟ್ಟಿದೆ. ಪದಾರ್ಥ ಕಾನೂನಿಗೆ ವಿರುದ್ಧವೆಂದು ವರದಿ ಬಂದರೆ ಶುಲ್ಕ ವಾಪಸು ಸಿಗುತ್ತದೆ. ದೂರಿಗೆ ಪ್ರಾಧಿಕಾರದ ಉಚಿತ ದೂರವಾಣಿ 1800112100 ಇದೆ.

ಮುಂದಿನ ಗ್ರಾಮಸಭೆಯಲ್ಲಿ, ವಾರ್ಡು ಸಭೆಯಲ್ಲಿ ಕೆಳಗಿನ ನಿರ್ಣಯವನ್ನು ಓದಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಒಂದು ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೆ ಕಳಿಸಿ:

“ಆಹಾರ ಅಥವಾ ಕುಡಿಯುವ ನೀರಿನ ಬಗ್ಗೆ ನಾಗರಿಕರು ಕೊಡುವ ದೂರನ್ನು ಜಿಲ್ಲೆಯ ಯಾವುದೇ ಸರ್ಕಾರಿ ಕಚೇರಿ, ಪಂಚಾಯಿತಿ, ನಗರಸಭೆ, ಪುರಸಭೆ ಅಥವಾ ಆಸ್ಪತ್ರೆ ನಿರಾಕರಿಸದೆ ಸ್ವೀಕರಿಸಬೇಕು. ಸ್ವೀಕೃತಿ ಚೀಟಿ ಕೊಡಬೇಕು. ಒಂದು ದಿನದೊಳಗೆ ಸಂಬಂಧಪಟ್ಟ ಅಧಿಕಾರಿಗೆ ಕಳಿಸಿ, ಕಳಿಸಿದ ವಿವರವನ್ನು ದೂರುದಾರರಿಗೆ ತಿಳಿಸಬೇಕು. ಹೀಗೆ ಜಿಲ್ಲಾಡಳಿತ ಆದೇಶ ಹೊರಡಿಸಬೇಕೆಂದು ಈ ಸಭೆ ಒತ್ತಾಯಿಸುತ್ತದೆ.”