ಟ್ಯಾಂಕರಿನ ಬೆನ್ನಿನ ಬರಹ

ತುಮಕೂರಿನಿಂದ ಗುಬ್ಬಿಗೋ ಕುಣಿಗಲಿಗೋ ಹೊರಟ ಪ್ರಯಾಣಿಕರು ಮುಂದಿನ ಲಾರಿಯ ಬೆನ್ನ ಮೇಲಿನ ಸುಭಾಷಿತವನ್ನು ತಪ್ಪದೆ ಓದುತ್ತಾರೆ. ಟ್ಯಾಂಕರಿನ ಬೆನ್ನ ಮೇಲಿನ 1075 ಎಂಬ ಅಂಕಿ ಮಾತ್ರ ಹೆಚ್ಚಿನವರ ಕಣ್ಣಿಗೆ ಬೀಳುವುದೇ ಇಲ್ಲ. ಅದು ಅಡುಗೆ ಅನಿಲದ ಗುರುತು. 1203 ಪೆಟ್ರೋಲಿನದು, 1005 ಅಮೋನಿಯಾದ್ದು. ಅಪಾಯಕರ ಸರಕನ್ನು ಸಾಗಿಸುವ ವಾಹನದ ಎರಡು ಮಗ್ಗುಲಿಗೂ ಹಿಂಬದಿಗೂ ಇಂಥ ಫಲಕವಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿದವು. ಸರಕಿನ ಹೆಸರು, ಆಪತ್ತಿನಲ್ಲಿ ಕರೆಯಬೇಕಾದ ದೂರವಾಣಿ ಸಂಖ್ಯೆ ಅದರಲ್ಲಿರಬೇಕು.

ಕುಣಿಗಲನ್ನು ಹಾದುಹೋಗುವ ಮಂಗಳೂರು ಹೆದ್ದಾರಿಯಲ್ಲೇ, ಉಪ್ಪಿನಂಗಡಿಯ ಸಮೀಪದ ಪೆರ್ನೆಯಲ್ಲಿ, 2013ರ ಏಪ್ರಿಲ್ 9ರಂದು ಅನಿಲದ ಟ್ಯಾಂಕರೊಂದು ಮಗುಚಿಬಿತ್ತು. ಸೋರಿದ ಅನಿಲಕ್ಕೆ ಬೆಂಕಿ ತಗುಲಿ ರಸ್ತೆಬದಿಯ ಮನೆಗಳು ಉರಿದವು. ಹಲವರು ಪ್ರಾಣ ತೆತ್ತರು.

ಇಂಥ ದುರಂತದ ಬಳಿಕ ಎಲ್ಲರೂ ಕೇಳುವ ಮೊದಲ ಪ್ರಶ್ನೆ, ‘ತಪ್ಪು ಯಾರದು?’ ತನಿಖೆ ಅಲ್ಲಿಗೇ ನಿಂತರೆ ಚಾಲಕನಿಗೆ ಶಿಕ್ಷೆಯಾದೀತು. ಅಪಾಯದ ತಿರುವು ಹಾಗೆಯೇ ಉಳಿದೀತು. ವೇಗವೆಷ್ಟಿತ್ತು, ಚಾಲಕನು ಎಷ್ಟು ಹೊತ್ತು ನಿದ್ದೆಗೆಟ್ಟಿದ್ದನು, ಸುತ್ತಲಿನವರಿಗೆ ಏನು ತಿಳಿದಿತ್ತು ಎಂಬುದನ್ನೂ ತನಿಖೆ ಕೇಳಬೇಕು.

ಕೊನೆಯ ಪ್ರಶ್ನೆಗೆ ಉತ್ತರವನ್ನು ಮನೆಮನೆಯಲ್ಲೂ ಮೊದಲೇ ಸಿದ್ಧಪಡಿಸಬಹುದು. ಅಡುಗೆ ಅನಿಲ ಗಾಳಿಗಿಂತ ಭಾರ. ಅದು ನೀರಿನಂತೆ ತಗ್ಗನ್ನು ಹುಡುಕಿ ಹರಿಯುತ್ತದೆ. ದೂರದ ಒಲೆಯ ಕಿಡಿಯನ್ನೂ ಮುಟ್ಟಬಲ್ಲದು. ಟ್ಯಾಂಕರು ಮಗುಚಿದರೆ ನೋಡಲು ಓಡಬಾರದು. ವಾಹನ ಚಾಲೂ ಮಾಡದೆ, ಸ್ವಿಚ್ಚು ಮುಟ್ಟದೆ, ಗಾಳಿ ಬೀಸಿಬರುವ ದಿಕ್ಕಿನ ಎತ್ತರದ ನೆಲಕ್ಕೆ ಸರಿಯಬೇಕು. ಸಾಕಷ್ಟು ದೂರ ಹೋದ ಮೇಲೆ 112ಕ್ಕೆ ಕರೆಮಾಡಿ, ಕಂಡಿದ್ದರೆ ಆ ನಾಲ್ಕು ಅಂಕಿಗಳನ್ನು ತಿಳಿಸಬೇಕು.

ಸುಭಾಷಿತ ಮರೆತರೆ ನಷ್ಟವಿಲ್ಲ. ಅಂಕಿಯನ್ನು ಓದಬಲ್ಲವನಿಂದ ಒಂದು ಬೀದಿಯೇ ಉಳಿದೀತು.