ಕಿಂಗ್‌ಕಾಂಗನ ಕಕ್ಕಸು ಎಂದವರಿಗೆ

ಸ್ಪೇನಿನ ಹಿಹೋನ್ ಪಟ್ಟಣದ ಸಾಂತಾ ಕತಲೀನಾ ಗುಡ್ಡದ ಮೇಲೆ 1990ರಿಂದ ನಿಂತಿರುವ ಶಿಲ್ಪಿ ಎದುವಾರ್ದೊ ಚಿಯೀದಾ ಅವರ ‘ದಿಗಂತದ ಸ್ತುತಿ’ಯನ್ನು ಹಳಿಯುವವರ ಬತ್ತಳಿಕೆಯಲ್ಲಿ ಮೊದಲ ಬಾಣ ಅದರ ಅಡ್ಡಹೆಸರು: ಕಿಂಗ್‌ಕಾಂಗನ ಕಕ್ಕಸು. ಒಪ್ಪಿದೆ. ಎರಡು ದಪ್ಪ ಕಾಲುಗಳ ಮೇಲೆ ಪೂರ್ತಿ ಕೂಡದ ಅಂಡಾಕಾರದ ಕಾಂಕ್ರೀಟ್ ಬಳೆ. ದೂರಕ್ಕೆ ಕಮೋಡಿನ ಸೀಟಿನಂತೆಯೇ ಕಾಣುತ್ತದೆ. ಚಿತ್ರ ನೋಡಿ ನಾನೂ ನಕ್ಕವನೇ. ಆದರೆ ಹೆಸರಿಟ್ಟ ಮಾತ್ರಕ್ಕೆ ವಾದ ಗೆದ್ದಂತಾಯಿತೇ?

ಮನುಷ್ಯಾಕೃತಿ ಇಟ್ಟಿದ್ದರೆ ಜನಕ್ಕೆ ಅರ್ಥವಾಗುತ್ತಿತ್ತಂತೆ. ಅದೂ ಆ ಊರ ಕಡಲಂಚಿನಲ್ಲಿದೆ. ವಲಸೆ ಹೋದ ಮಗನ ನೆನಪಿನಲ್ಲಿ ಕಡಲತ್ತ ಕೈಚಾಚಿದ ತಾಯಿ, 1970ರ ಕಂಚಿನ ಪ್ರತಿಮೆ. ಊರವರು ಆಕೆಗಿಟ್ಟ ಹೆಸರು ‘ಹುಚ್ಚಿ’. ಕಣ್ಣು ಮೂಗು ಇದ್ದೂ ಪಾರಾಗಲಿಲ್ಲ, ಪಾಪ.

‘ಕಡಲಿಗೆ ಅಡ್ಡವಾಗಿದೆ’ ಎನ್ನುವವರು ಅಂಕಿ ನೋಡಿ ಹೆದರಿರಬೇಕು: 10 ಮೀಟರ್ ಎತ್ತರ, ಸುಮಾರು 500 ಟನ್ ತೂಕ. ನಡುವೆ ಏನಿದೆ ಎಂದು ನೋಡಿದ್ದಾರೆಯೇ? ಏನೂ ಇಲ್ಲ. ಆಕಾಶ, ನೀರು, ಗಾಳಿ. ಚಿಯೀದಾ ಹರೆಯದಲ್ಲಿ ರಿಯಲ್ ಸೊಸಿಯೆದಾದ್ ತಂಡದ ಗೋಲ್‌ಕೀಪರ್; ಖಾಲಿ ಜಾಗ ಕಾಯುವುದು ಅವರಿಗೆ ಹಳೆಯ ಕಸುಬು. ಬಳೆಯ ಕೆಳಗೆ ನಿಂತರೆ ಬಂಡೆಗೆ ಬಡಿಯುವ ಅಲೆಯ ಸದ್ದು ಬಾವಿಯೊಳಗಿಂದ ಬಂದ ಹಾಗೆ ದಪ್ಪಗಾಗುತ್ತದೆ. ಹಿಂದೆ ಆ ಗುಡ್ಡದಲ್ಲಿದ್ದದ್ದು ಸೈನ್ಯದ ಫಿರಂಗಿ ನೆಲೆ. ಅಡ್ಡವೆಂದರೆ ಅದು ಅಡ್ಡ.

‘ಕಾಂಕ್ರೀಟ್ ಸುರಿಯಲು ಕಲಾವಿದ ಯಾಕೆ?’ ಈ ಪ್ರಶ್ನೆ ಕೇಳಿದವರು ಮನೆ ಕಟ್ಟಿಸಿದವರಲ್ಲ ಎಂದು ಕಾಣುತ್ತದೆ. ಕಾಂಕ್ರೀಟಿಗಿಂತ ಮೊದಲು ಮರದ ಕೆಲಸ. ಇಂಜಿನಿಯರ್ ಹೊಸೆ ಅಂತೋನಿಯೊ ಫರ್ನಾಂದೆಸ್ ಒರ್ದೋನ್ಯೆಸ್ ಜೊತೆಗಿದ್ದರು. ಬಾಗುತ್ತಾ ಹೋಗುವ ಆ ಮೈಗೆ ಹಲಗೆಗೆ ಹಲಗೆ ಕೂಡಿಸಿ ಅಚ್ಚು ಕಟ್ಟಬೇಕಾಯಿತು. ನಮ್ಮಲ್ಲಿ ತಾರಸಿ ಹಾಕಿ ಸೆಂಟ್ರಿಂಗ್ ಬಿಚ್ಚಿದಾಗ ಸೂರಿನಲ್ಲಿ ಹಲಗೆಯ ಗೆರೆ ಮೂಡಿದ್ದರೆ ಮೇಸ್ತ್ರಿ ನಾಚಿಕೊಂಡು ಗಾರೆ ಬಳಿದು ಮುಚ್ಚುತ್ತಾನೆ. ಚಿಯೀದಾ ಮುಚ್ಚಲಿಲ್ಲ. ಹಲಗೆಯ ಅಗಲ, ಒಂದಕ್ಕೊಂದು ತಾಗಿದ ಸಂದು, ಎಲ್ಲವೂ ಆ ಬೂದು ಮೈಮೇಲೆ ಇಂದಿಗೂ ಕೈಗೆ ಸಿಗುತ್ತವೆ.

ಒಂದು ಆಕ್ಷೇಪಕ್ಕೆ ಮಾತ್ರ ನಾನು ಅರ್ಧ ಸೋತೆ: ಉಪ್ಪುಗಾಳಿ. ಸಾನ್ ಸೆಬಾಸ್ತಿಯಾನಿನಲ್ಲಿ 1977ಕ್ಕೆ ಮುಗಿದ ಅವರದೇ ‘ಗಾಳಿಯ ಬಾಚಣಿಗೆ’ ಬಂಡೆಗೆ ಕಚ್ಚಿದ ಮೂರು ಉಕ್ಕಿನ ಕೃತಿ. ಅಲ್ಲಿ ತುಕ್ಕೇ ಬಣ್ಣ. ಕಾಂಕ್ರೀಟಿನಲ್ಲಿ ಹಾಗಲ್ಲ. ಒಳಗಿನ ಸರಳು ತುಕ್ಕು ಹಿಡಿದು ಉಬ್ಬಿದರೆ ಮೈ ಬಿರಿಯುತ್ತದೆ, ದುರಸ್ತಿಗೆ ಊರು ದುಡ್ಡು ತೆರಲೇಬೇಕು. ಆದರೆ ಅಲ್ಲೇ ಕೆಳಗಿನ ಬಂದರಿನ ಕಟ್ಟೆಯೂ ಅದೇ ಗಾಳಿಗೆ ಸವೆಯುತ್ತದೆ; ಅದನ್ನು ಒಡೆದು ಹಾಕಿ ಎಂದು ಇವರಲ್ಲಿ ಯಾರೂ ಅರ್ಜಿ ಹಾಕಿದ್ದು ಕಾಣೆ.